ಗ್ರಂಥಾಲಯದ ಆನ್‌ಲೈನ್ ಸಂಶೋಧನಾ ಮಾರ್ಗದರ್ಶಿಗೆ ಯಾವ ತಂತ್ರಾಂಶ? ಲಿಬ್‌ಗೈಡ್ಸ್, ಸಬ್ಜೆಕ್ಟ್ಸ್‌ಪ್ಲಸ್, ವರ್ಡ್‌ಪ್ರೆಸ್, ಕೋಹಾ

ಧಾರವಾಡದ ಗ್ರಂಥಪಾಲಕಿ

ಎಲ್ಲರಿಗೂ ನಮಸ್ಕಾರ. ನಮ್ಮದು ಅನುದಾನಿತ ಪದವಿ ಕಾಲೇಜು. ಕನ್ನಡ, ಇತಿಹಾಸ, ವಾಣಿಜ್ಯಶಾಸ್ತ್ರಗಳಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಕಿರುಪ್ರಬಂಧ ಬರೆಯುವ ಕಾಲ ಬಂತೆಂದರೆ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಈ ವಿಷಯಕ್ಕೆ ಎಲ್ಲಿಂದ ಶುರು ಮಾಡಬೇಕು?" ಉತ್ತರ ಹೇಳಲು ಬೇಸರವಿಲ್ಲ. ಆದರೆ ನಾನು ರಜೆಯಲ್ಲಿದ್ದ ದಿನ ಬಂದವರು ಬರಿಗೈಯಲ್ಲಿ ಹೋಗುತ್ತಾರೆ. ಹಾಗಾಗಿ ಪ್ರತಿ ವಿಷಯಕ್ಕೂ ಒಂದು ಆನ್‌ಲೈನ್ ಮಾರ್ಗದರ್ಶಿ ಪುಟ ಮಾಡಿಡಬೇಕೆಂದು ಹೊರಟಿದ್ದೇನೆ. ಪ್ರಾಂಶುಪಾಲರೂ ಒಪ್ಪಿದ್ದಾರೆ.

ನಮ್ಮ ಪರಿಸ್ಥಿತಿ ಹೀಗಿದೆ. ಕ್ಯಾಟಲಾಗ್ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿದೆ, ಆದರೆ ಓಪ್ಯಾಕ್ (ಓದುಗರು ಹುಡುಕುವ ಆನ್‌ಲೈನ್ ಕ್ಯಾಟಲಾಗ್) ಕ್ಯಾಂಪಸ್ಸಿನ ಒಳಗೆ ಮಾತ್ರ ತೆರೆಯುತ್ತದೆ. ಇ-ಪತ್ರಿಕೆಗಳಿಗೆ ಕಾಲೇಜುಗಳಿಗೆಂದೇ ಇರುವ ಎನ್-ಲಿಸ್ಟ್ ಯೋಜನೆ ಇದೆ. ಕಂಪ್ಯೂಟರ್ ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿ ಇಲ್ಲ; ನಾನು ಮತ್ತು ಒಬ್ಬ ಸಹಾಯಕರು ಅಷ್ಟೇ. ಕಾಲೇಜಿನ ವೆಬ್‌ಸೈಟ್ ಹೊರಗಿನ ಸಂಸ್ಥೆಯ ಕೈಯಲ್ಲಿದೆ, ಒಂದು ಸಾಲು ಬದಲಿಸಬೇಕಾದರೂ ಇಮೇಲ್ ಬರೆದು ಕಾಯಬೇಕು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಓದುವುದು ಮೊಬೈಲಿನಲ್ಲಿ. ಪುಟಗಳು ಕನ್ನಡದಲ್ಲೇ ಇರಬೇಕು.

ಬಳಸಿ ನೋಡಿದವರು ದಯವಿಟ್ಟು ಅನುಭವ ಹೇಳಿ.

ಟೊರಾಂಟೊ ಕನ್ನಡಿಗ

ನಾನು ಕೆನಡಾದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ದಿನನಿತ್ಯ ಬಳಸುವುದು ಲಿಬ್‌ಗೈಡ್ಸ್. ಸ್ಪ್ರಿಂಗ್‌ಶೇರ್ ಎಂಬ ಅಮೆರಿಕದ ಕಂಪನಿ 2007ರಲ್ಲಿ ತಂದದ್ದು. ಉತ್ತರ ಅಮೆರಿಕದ ಗ್ರಂಥಾಲಯಗಳಲ್ಲಿ ಇದು ಎಷ್ಟು ಹರಡಿದೆಯೆಂದರೆ, ವಿಷಯ ಮಾರ್ಗದರ್ಶಿಗಳನ್ನೇ ಜನ ಲಿಬ್‌ಗೈಡ್ ಎಂದು ಕರೆಯುತ್ತಾರೆ.

ಇದರ ನಿಜವಾದ ಬಲ ಪುಟದ ಅಂದಚಂದದಲ್ಲಿಲ್ಲ, ಹಿಂದಿನ ವ್ಯವಸ್ಥೆಯಲ್ಲಿದೆ. ಲೇಖನ, ಪತ್ರಿಕೆಗಳನ್ನು ಹುಡುಕುವ ಪ್ರತಿ ಡೇಟಾಬೇಸಿನ ವಿವರವನ್ನು ಎ-ಯಿಂದ-ಜ಼ೆಡ್ ಪಟ್ಟಿಯಲ್ಲಿ ಒಂದೇ ಕಡೆ ಬರೆದಿಡುತ್ತೇವೆ. ಅದೇ ನಮೂದನ್ನು ಎಷ್ಟು ಮಾರ್ಗದರ್ಶಿಗಳಲ್ಲಿ ಬೇಕಾದರೂ ಬಳಸಬಹುದು. ಪ್ರಕಾಶಕರು ವಿಳಾಸ ಬದಲಿಸಿದರೆ ಒಂದು ಕಡೆ ತಿದ್ದಿದರೆ ಸಾಕು, ಎಲ್ಲ ಪುಟಗಳಲ್ಲೂ ಸರಿಯಾಗುತ್ತದೆ. ಮನೆಯಿಂದ ಪ್ರವೇಶಿಸುವವರಿಗಾಗಿ ಪ್ರಾಕ್ಸಿ (ಅವರನ್ನು ಗ್ರಂಥಾಲಯದ ಮೂಲಕ ಹಾಯಿಸುವ ನಡುವಿನ ಸರ್ವರ್) ವಿಳಾಸವನ್ನೂ ಹೀಗೆಯೇ ಒಮ್ಮೆ ಕೊಟ್ಟರೆ ಮುಗಿಯಿತು. ಮುರಿದ ಕೊಂಡಿಗಳನ್ನು ಅದೇ ಹುಡುಕಿ ಪಟ್ಟಿ ಕೊಡುತ್ತದೆ. ಯಾವ ಪುಟವನ್ನು ಎಷ್ಟು ಜನ ನೋಡಿದರೆಂಬ ಲೆಕ್ಕವೂ ಸಿಗುತ್ತದೆ. ಸರ್ವರ್ ಅವರದೇ ಆದ್ದರಿಂದ ನಿಮಗೆ ಆ ಚಿಂತೆ ಇಲ್ಲ.

ತೊಡಕುಗಳನ್ನೂ ಹೇಳಬೇಕು. ವರ್ಷ ವರ್ಷ ಚಂದಾ ಕಟ್ಟಬೇಕು. ದರವನ್ನು ಸಂಸ್ಥೆಯ ಗಾತ್ರ ನೋಡಿ ಹೇಳುತ್ತಾರೆ, ಆದ್ದರಿಂದ ಕೊಟೇಶನ್ ತರಿಸಿಯೇ ತಿಳಿಯಬೇಕು. ಮಾರ್ಗದರ್ಶಿ ಮಾಡುವುದು ತೀರಾ ಸುಲಭವಾದ್ದರಿಂದ ಎಲ್ಲರೂ ಮಾಡುತ್ತಾರೆ, ಆಮೇಲೆ ಯಾರೂ ನೋಡುವುದಿಲ್ಲ. ಬಿಟ್ಟುಹೋದವರ ಹೆಸರಿನ ಪುಟಗಳನ್ನು ಗುಡಿಸಿ ತೆಗೆಯುವುದೇ ನಮ್ಮಲ್ಲಿ ಪ್ರತಿ ಬೇಸಿಗೆಯ ಕೆಲಸ.

ಮಂಗಳೂರಿನ ಸಿಸ್ಟಂ ಲೈಬ್ರರಿಯನ್

ಟೊರಾಂಟೊ ಸರ್ ಹೇಳಿದ್ದೆಲ್ಲ ಸರಿ. ಆದರೆ ಇಬ್ಬರೇ ಸಿಬ್ಬಂದಿ ಇರುವ ಕಾಲೇಜಿಗೆ ವಾರ್ಷಿಕ ಚಂದಾದ ತಂತ್ರಾಂಶವನ್ನು ನಾನು ಶಿಫಾರಸು ಮಾಡಲಾರೆ. ಇಂದಿನ ಪ್ರಾಂಶುಪಾಲರು ಒಪ್ಪಿದ್ದಾರೆ, ಮುಂದಿನವರು? ಹಣ ಕಟ್ಟುವುದು ನಿಂತ ವರ್ಷ ನಿಮ್ಮ ಪುಟಗಳೂ ನಿಲ್ಲುತ್ತವೆ. ಒಂದೊಂದು ಅಕ್ಷರವನ್ನೂ ನೀವು ಕುಟ್ಟಿರುತ್ತೀರಿ, ವಿಳಾಸ ಮಾತ್ರ ಬೇರೆಯವರದ್ದು.

ಮುಕ್ತ ತಂತ್ರಾಂಶದಲ್ಲಿ ಇದೇ ಕೆಲಸಕ್ಕೆಂದೇ ಹುಟ್ಟಿದ್ದು ಸಬ್ಜೆಕ್ಟ್ಸ್‌ಪ್ಲಸ್. ಈಸ್ಟ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು ಮಾಡಿಕೊಂಡಿದ್ದ ಒಂದು ವ್ಯವಸ್ಥೆಯಿಂದ ಬೆಳೆದು, ಇಥಾಕಾ ಕಾಲೇಜಿನಲ್ಲಿ ರೂಪುಗೊಂಡು, ಆಮೇಲೆ ಮಯಾಮಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮುಂದುವರಿಯಿತು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಮೇಲೆ ಓಡುತ್ತದೆ. ಡೇಟಾಬೇಸ್ ಪಟ್ಟಿ, ವಿಷಯ ಮಾರ್ಗದರ್ಶಿ, ಸಿಬ್ಬಂದಿ ವಿವರ, ಪ್ರಶ್ನೋತ್ತರ ಎಲ್ಲವೂ ಇವೆ. ಆದರೆ ಇದನ್ನು ಹಾಕುವ ಮೊದಲು ಅದರ ಕೋಡ್ ಇರುವ ಗಿಟ್‌ಹಬ್ ತಾಣದಲ್ಲಿ ಕೊನೆಯ ಬಾರಿ ಯಾವಾಗ ಬದಲಾವಣೆ ಬಂದಿದೆ, ನಿಮ್ಮ ಸರ್ವರಿನಲ್ಲಿರುವ ಪಿಎಚ್‌ಪಿ ಆವೃತ್ತಿಗೆ ಅದು ಹೊಂದುತ್ತದೆಯೇ ಎಂದು ನೋಡಲೇಬೇಕು. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ಮಾಡಿದ್ದ ಲೈಬ್ರರಿ ಅ ಲಾ ಕಾರ್ಟ್ ಎಂಬ ಮುಕ್ತ ತಂತ್ರಾಂಶವೂ ಒಳ್ಳೆಯದೇ ಆಗಿತ್ತು. ಅದರ ಬೆಳವಣಿಗೆ ನಿಂತೇಹೋಯಿತು. ಕೆಲವೇ ಗ್ರಂಥಾಲಯಗಳು ಬಳಸುವ ತಂತ್ರಾಂಶಕ್ಕೆ ಈ ಅಪಾಯ ಯಾವಾಗಲೂ ಇರುತ್ತದೆ. ಕೆಟ್ಟಾಗ ಸರಿಪಡಿಸುವವರು ಊರಿನಲ್ಲಿ ಸಿಗುವುದಿಲ್ಲ.

ವರ್ಡ್‌ಪ್ರೆಸ್ ಹಾಗಲ್ಲ. ನಿಮ್ಮ ಊರಿನಲ್ಲೇ ಅದು ಗೊತ್ತಿರುವ ಹತ್ತು ಹುಡುಗರು ಸಿಗುತ್ತಾರೆ. ಎಲ್ಲ ಪುಟಗಳನ್ನೂ ಒಂದು ಎಕ್ಸ್‌ಎಂಎಲ್ ಕಡತವಾಗಿ ಇಳಿಸಿಕೊಂಡು ಬೇರೆ ಕಡೆ ಏರಿಸಬಹುದು. ಒಂದೇ ಪೆಟ್ಟಿಗೆಯನ್ನು ಹಲವು ಪುಟಗಳಲ್ಲಿ ಬಳಸಿ, ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗುವಂತೆ ಮಾಡುವ ಸೌಲಭ್ಯ ಅದರಲ್ಲೂ ಇದೆ. ಮುರಿದ ಕೊಂಡಿ ಹುಡುಕುವ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ) ಇದೆ. ಪ್ಲಗಿನ್‌ಗಳನ್ನು ಮಾತ್ರ ಬೆರಳೆಣಿಕೆಯಲ್ಲಿ ಇಟ್ಟುಕೊಳ್ಳಿ, ಕಾಲಕಾಲಕ್ಕೆ ಅಪ್‌ಡೇಟ್ ಮಾಡಿ. ವರ್ಡ್‌ಪ್ರೆಸ್ ತಾಣಗಳಿಗೆ ಕನ್ನ ಬೀಳುವುದು ಹೆಚ್ಚಾಗಿ ಹಳೆಯ ಪ್ಲಗಿನ್‌ಗಳ ಮೂಲಕವೇ.

ಹಿಂದೆ ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್ ಇಡುವ ಗೋಜೇ ಬೇಡವೆಂದರೆ ಡೋಕುವಿಕಿ ಎಂಬ ವಿಕಿ ತಂತ್ರಾಂಶ ಇದೆ. ಪ್ರತಿ ಪುಟವೂ ಒಂದು ಸಾದಾ ಪಠ್ಯ ಕಡತ. ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲಿಸಿಕೊಂಡರೆ ಬ್ಯಾಕಪ್ ಆಯಿತು.

ಬೆಂಗಳೂರಿನಿಂದ ಒಬ್ಬರು

ಗೂಗಲ್ ಸೈಟ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಕಾಲೇಜಿಗೆ ಗೂಗಲ್ ವರ್ಕ್‌ಸ್ಪೇಸ್ ಇದ್ದರೆ ಅದು ಪುಕ್ಕಟೆ, ಮೊಬೈಲಿನಲ್ಲಿ ಚೆನ್ನಾಗಿ ಕಾಣುತ್ತದೆ, ಕಲಿಯಲು ಒಂದು ಮಧ್ಯಾಹ್ನ ಸಾಕು. ಆದರೆ ತಾಣವನ್ನು ಯಾರೊಬ್ಬರ ಸ್ವಂತ ಖಾತೆಯಲ್ಲೂ ಮಾಡಬೇಡಿ. ನಾನು ಹಿಂದೆ ಇದ್ದ ಸಂಸ್ಥೆಯಲ್ಲಿ ಒಬ್ಬ ಅತಿಥಿ ಉಪನ್ಯಾಸಕರು ಚೆಂದದ ಮಾರ್ಗದರ್ಶಿ ಮಾಡಿದ್ದರು. ಅವರ ಅವಧಿ ಮುಗಿದ ಮೇಲೆ ಕಚೇರಿಯವರು ಅವರ ಇಮೇಲ್ ಖಾತೆ ಅಳಿಸಿದರು, ಅದರ ಜೊತೆಗೆ ತಾಣವೂ ಹೋಯಿತು. ವಿದ್ಯಾರ್ಥಿಗಳು ಪುಟ ತೆರೆಯುತ್ತಿಲ್ಲ ಎಂದಾಗಲೇ ನಮಗೆ ಗೊತ್ತಾದದ್ದು. ಶೇರ್ಡ್ ಡ್ರೈವಿನಲ್ಲಿ ಮಾಡಿದರೆ, ಅಥವಾ ಗ್ರಂಥಾಲಯದ ಹೆಸರಿನಲ್ಲೇ ಒಂದು ಖಾತೆ ತೆರೆದರೆ ಈ ತೊಂದರೆ ಬರುವುದಿಲ್ಲ.

ಮೈಸೂರಿನ ನಿವೃತ್ತ ಗ್ರಂಥಪಾಲಕ

ತಂತ್ರಾಂಶಗಳ ವಿಷಯ ನೀವೆಲ್ಲ ನನಗಿಂತ ಚೆನ್ನಾಗಿ ಬಲ್ಲಿರಿ. ನಾನು ಬೇರೊಂದು ಕಡೆಯಿಂದ ಹೇಳುತ್ತೇನೆ.

ಇಂಥ ಮಾರ್ಗದರ್ಶಿಗಳು ಕಂಪ್ಯೂಟರಿನೊಂದಿಗೆ ಹುಟ್ಟಿದವಲ್ಲ. ಅಮೆರಿಕದ ಎಂಐಟಿಯಲ್ಲಿ 1970ರ ಆಸುಪಾಸಿನಲ್ಲಿ, ಪ್ರಾಜೆಕ್ಟ್ ಇಂಟ್ರೆಕ್ಸ್ ಎಂಬ ಯೋಜನೆಯ ಅಂಗವಾಗಿ, ಪಾತ್‌ಫೈಂಡರ್ ಎಂಬ ಅಚ್ಚಿನ ಹಾಳೆಗಳನ್ನು ಮಾಡಿದರು. ಒಂದು ವಿಷಯ, ಒಂದು ಪುಟ್ಟ ಹಾಳೆ. ಮೊದಲು ಯಾವ ವಿಶ್ವಕೋಶ ನೋಡಬೇಕು, ಕ್ಯಾಟಲಾಗಿನಲ್ಲಿ ಯಾವ ವಿಷಯ ಶೀರ್ಷಿಕೆ ಹಿಡಿಯಬೇಕು, ಯಾವ ಸೂಚಿಯಲ್ಲಿ ಲೇಖನ ಹುಡುಕಬೇಕು, ಇಷ್ಟೇ. ಇರುವುದನ್ನೆಲ್ಲ ಪಟ್ಟಿ ಮಾಡುವುದು ಅದರ ಉದ್ದೇಶವೇ ಆಗಿರಲಿಲ್ಲ. ಹಾಳೆಯಲ್ಲಿ ಜಾಗವಿಲ್ಲದ್ದರಿಂದ ಆಯ್ಕೆ ಮಾಡಲೇಬೇಕಿತ್ತು.

ಈಗ ಜಾಗಕ್ಕೆ ಬರವಿಲ್ಲ. ಹಾಗಾಗಿ ಇದ್ದಬದ್ದ ಕೊಂಡಿಗಳನ್ನೆಲ್ಲ ಸುರಿಯುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ಮುಂಚಿನ ತಿಂಗಳುಗಳಲ್ಲಿ ಗ್ರಂಥಾಲಯದ ಪುಟಗಳು ಹೇಗೆ ಊದಿಕೊಳ್ಳುತ್ತವೆ ಎಂಬುದನ್ನು ನಾನು ನೋಡಿದ್ದೇನೆ. ತಂಗಿ, ನೀವು ಅದಕ್ಕೆ ಮಾಡಬೇಡಿ. ಕಿರುಪ್ರಬಂಧ ಬರೆಯುವ ಒಬ್ಬ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಮಾಡಿ. ಪ್ರತಿ ಆಕರದ ಪಕ್ಕದಲ್ಲೂ ಅದರಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಒಂದೆರಡು ಸಾಲು ಬರೆಯಿರಿ. ಆ ಸಾಲುಗಳನ್ನು ಬರೆಯುವುದಕ್ಕೆ, ತಿದ್ದುವುದಕ್ಕೆ ಯಾವ ತಂತ್ರಾಂಶ ನಿಮಗೆ ಅಡ್ಡ ಬರುವುದಿಲ್ಲವೋ ಅದನ್ನು ಆರಿಸಿ.

ಹಂಪಿಯ ಸಂಶೋಧನಾ ವಿದ್ಯಾರ್ಥಿ

ಮೈಸೂರಿನ ಸರ್ ಹೇಳಿದ "ಒಂದೆರಡು ಸಾಲು" ನನ್ನಂಥವರಿಗೆ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಕೆಲಸ ಶಾಸನಗಳ ಮೇಲೆ.

ಯಾವ ಇತಿಹಾಸ ಮಾರ್ಗದರ್ಶಿ ತೆರೆದರೂ "ಎಪಿಗ್ರಾಫಿಯಾ ಕರ್ನಾಟಿಕಾ" ಎಂದು ಶಾಸನ ಸಂಪುಟಗಳಿಗೆ ಒಂದು ಕೊಂಡಿ ಇರುತ್ತದೆ. ಅಷ್ಟೇ. ಆದರೆ ಅದಕ್ಕೆ ಎರಡು ಮಾಲೆಗಳಿವೆ. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದದ್ದು ಒಂದು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿ ಇನ್ನೊಂದು. ಎರಡರ ಸಂಪುಟ ಸಂಖ್ಯೆಗಳು ಎಲ್ಲ ಕಡೆ ಹೊಂದುವುದಿಲ್ಲ. ಹಳೆಯ ಮಾಲೆಯ 5ನೆಯ ಸಂಪುಟ ಹಾಸನ ಜಿಲ್ಲೆಯದು. ಹೊಸ ಮಾಲೆಯ 5ನೆಯ ಸಂಪುಟದಲ್ಲಿರುವುದು ಕೃಷ್ಣರಾಜನಗರ, ಮೈಸೂರು, ತಿರುಮಕೂಡಲು ನರಸೀಪುರ ತಾಲ್ಲೂಕುಗಳು. ಹಾಸನ ತಾಲ್ಲೂಕಿಗೆ 8ನೆಯದನ್ನು ನೋಡಬೇಕು. ಯಾವುದೋ ಲೇಖನದ ಅಡಿಟಿಪ್ಪಣಿಯಲ್ಲಿ "ಎ.ಕ. 5" ಎಂದು ಓದಿಕೊಂಡು ಬಂದ ವಿದ್ಯಾರ್ಥಿ ತಪ್ಪು ಸಂಪುಟ ತೆರೆದು, ಶಾಸನ ಸಿಗಲಿಲ್ಲವೆಂದು ಹಿಂದಿರುಗುತ್ತಾನೆ.

ಧಾರವಾಡದ ಮೇಡಂ, ನಿಮ್ಮ ಭಾಗಕ್ಕೆ ಇನ್ನೂ ಮುಖ್ಯವಾದ ಮಾತು. ರೈಸ್ ಅವರ ಸಂಪುಟಗಳು ಅಂದಿನ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೀಮಿತ. ಧಾರವಾಡ, ಬೆಳಗಾವಿ, ವಿಜಯಪುರ ಅಂದು ಮುಂಬಯಿ ಪ್ರಾಂತದಲ್ಲಿದ್ದವು. ಆ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು. ಬಳ್ಳಾರಿ ಕಡೆಯವು ಮದರಾಸು ಪ್ರಾಂತದ ಶಾಸನಗಳಿರುವ 9ನೆಯ ಸಂಪುಟದಲ್ಲಿವೆ. ನಿಮ್ಮ ಊರಿನದೇ ಕನ್ನಡ ಸಂಶೋಧನಾ ಸಂಸ್ಥೆ ಹೊರತಂದ ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್ ಇದೆ. ಶಾಸನತಜ್ಞ ಫ್ಲೀಟ್ ಅವರು ಇಂಡಿಯನ್ ಆ್ಯಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಬೇರೆ. ಇಷ್ಟನ್ನು ಒಂದು ಪುಟದಲ್ಲಿ ಬರೆದಿಟ್ಟರೆ ನಿಮ್ಮ ಇತಿಹಾಸ ವಿದ್ಯಾರ್ಥಿಗಳಿಗೆ ವಾರಗಟ್ಟಲೆ ಅಲೆದಾಟ ತಪ್ಪುತ್ತದೆ. ನನಗೆ ಯಾರೂ ಹೀಗೆ ಬರೆದು ಕೊಟ್ಟಿರಲಿಲ್ಲ, ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಧಾರವಾಡದ ಗ್ರಂಥಪಾಲಕಿ

ಇದನ್ನು ಓದಿ ನಿಜವಾಗಿಯೂ ಸಂತೋಷವಾಯಿತು. ಶಾಸನಗಳ ಪುಟವನ್ನೇ ಮೊದಲು ಮಾಡುತ್ತೇನೆ.

ಎರಡು ಅನುಮಾನಗಳು. ನಮ್ಮ ಹಳೆಯ ಗ್ರಂಥಸೂಚಿಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿವೆ. ವೆಬ್ ಪುಟಕ್ಕೆ ಅಂಟಿಸಿದರೆ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗುತ್ತದೆ. ಇನ್ನೊಂದು, ಈ ತಂತ್ರಾಂಶಗಳಲ್ಲಿ ಕನ್ನಡ ಪದ ಹಾಕಿ ಹುಡುಕಿದರೆ ಸರಿಯಾಗಿ ಸಿಗುತ್ತದೆಯೇ?

ಮಂಗಳೂರಿನ ಸಿಸ್ಟಂ ಲೈಬ್ರರಿಯನ್

ಮೊದಲನೆಯದು ಸುಲಭ. ಆ ಕಡತಗಳು ಯೂನಿಕೋಡ್‌ಗೆ ಮುಂಚಿನ ಆಸ್ಕಿ ಅಕ್ಷರಶೈಲಿಯಲ್ಲಿವೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನೂ, ಅರ್ಕಾವತ್ತನ್ನೂ, ನಡುವೆ ಬರುವ ಇಂಗ್ಲಿಷ್ ಹೆಸರುಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಿ, ತಪ್ಪುಗಳು ಅಲ್ಲೇ ಉಳಿಯುವುದು. ಅಂಕಿಗಳೂ ಕೆಲವೊಮ್ಮೆ ಕೆಡುತ್ತವೆ, ಗ್ರಂಥಸೂಚಿಯಲ್ಲಿ ಅದು ದೊಡ್ಡ ಅನಾಹುತ.

ಎರಡನೆಯದು ಯಾರೂ ಕೇಳದ ಪ್ರಶ್ನೆ, ಕೇಳಿದ್ದು ಬಹಳ ಒಳ್ಳೆಯದಾಯಿತು. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಇಡೀ ಪದವನ್ನೇ ಹೋಲಿಸುವ ಹುಡುಕಾಟದಲ್ಲಿ "ಶಾಸನ" ಎಂದು ಕೊಟ್ಟರೆ "ಶಾಸನಗಳಲ್ಲಿ" ಎಂದಿರುವ ಪುಟ ಸಿಗುವುದಿಲ್ಲ. ವರ್ಡ್‌ಪ್ರೆಸ್ಸಿನ ಮೂಲ ಹುಡುಕಾಟ ಪದದ ಭಾಗವನ್ನೂ ಹಿಡಿಯುವ ಸರಳ ಬಗೆಯದು. ಇಂಗ್ಲಿಷಿನವರು ಅದನ್ನು ದೂರುತ್ತಾರೆ, ನಮಗೆ ಮಾತ್ರ ಅದೇ ಅನುಕೂಲ. ಆದರೆ "ಊರು" ಎಂದು ಹುಡುಕಿದರೆ "ಊರಿನಲ್ಲಿ" ಅದಕ್ಕೂ ಸಿಗುವುದಿಲ್ಲ, ಏಕೆಂದರೆ ಕೊನೆಯ ಸ್ವರ ಬದಲಾಗಿದೆ. ಜೊತೆಗೆ, "ರಾಜ್‌ಕುಮಾರ್" ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅದನ್ನು ಹಾಕದೆ ಹುಡುಕಿದವರಿಗೆ ಪುಟ ತಪ್ಪಿಹೋಗಬಹುದು.

ಆದ್ದರಿಂದ ಯಾವ ತಂತ್ರಾಂಶವನ್ನೇ ಆಗಲಿ, ಕೊಳ್ಳುವ ಅಥವಾ ಹಾಕುವ ಮೊದಲು ನಿಮ್ಮದೇ ಹತ್ತು ಕನ್ನಡ ಪದಗಳನ್ನು ಕೊಟ್ಟು ಪರೀಕ್ಷಿಸಿ. ಮಾರಾಟದವರು ತೋರಿಸುವ ಡೆಮೊ ಇಂಗ್ಲಿಷಿನಲ್ಲಿರುತ್ತದೆ. ಪುಟದ ತಲೆಬರಹದಲ್ಲಿ ಮತ್ತು ಟ್ಯಾಗುಗಳಲ್ಲಿ ಪ್ರತ್ಯಯವಿಲ್ಲದ ಮೂಲ ಪದಗಳನ್ನೂ, ಶ್ರವಣಬೆಳಗೊಳ, ಶ್ರವಣಬೆಳ್ಗೊಳ ಎಂಬಂಥ ಎರಡೂ ರೂಪಗಳನ್ನೂ ಕೊಡಿ.

ಕೋಹಾದ ಬಗ್ಗೆ ಒಂದು ಮಾತು. ಮಾರ್ಗದರ್ಶಿಯಲ್ಲಿ ಪುಸ್ತಕಗಳ ಪಟ್ಟಿಯನ್ನು ಕೈಯಿಂದ ಟೈಪ್ ಮಾಡಬೇಡಿ. ಓಪ್ಯಾಕಿನಲ್ಲಿ ವಿಷಯ ಶೀರ್ಷಿಕೆ ಹುಡುಕಿ, ಆ ಫಲಿತಾಂಶದ ವಿಳಾಸವನ್ನೇ ಕೊಂಡಿಯಾಗಿ ಕೊಡಿ. ಹೊಸ ಪುಸ್ತಕ ಕ್ಯಾಟಲಾಗಿಗೆ ಸೇರಿದ ದಿನವೇ ಅಲ್ಲೂ ಕಾಣುತ್ತದೆ. ಆಯ್ದ ಕೆಲವು ಪುಸ್ತಕಗಳನ್ನಷ್ಟೇ ತೋರಿಸಬೇಕಿದ್ದರೆ ಸಾರ್ವಜನಿಕ ಪಟ್ಟಿಯ ಸೌಲಭ್ಯವಿದೆ. ಆದರೆ ಇದಕ್ಕೆ ನಿಮ್ಮ ಓಪ್ಯಾಕ್ ಕ್ಯಾಂಪಸ್ಸಿನ ಹೊರಗೂ ತೆರೆಯಬೇಕು. ಪ್ರಾಂಶುಪಾಲರ ಬಳಿ ಹಣ ಕೇಳುವುದಿದ್ದರೆ ಮೊದಲು ಇದಕ್ಕೆ ಕೇಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಟೊರಾಂಟೊ ಕನ್ನಡಿಗ

ಮಂಗಳೂರಿನವರ ಮಾತಿಗೆ ಒಂದು ಆಕ್ಷೇಪ. ಚಂದಾ ಇಲ್ಲವೆಂದು ವರ್ಡ್‌ಪ್ರೆಸ್ ಪುಕ್ಕಟೆ ಎಂದುಕೊಂಡರೆ ಅದು ಅರ್ಧ ಸತ್ಯ. ಸರ್ವರ್ ಬಾಡಿಗೆ, ಅಪ್‌ಡೇಟ್, ಬ್ಯಾಕಪ್, ಕನ್ನ ಬಿದ್ದರೆ ಸರಿಪಡಿಸುವುದು ಇವೆಲ್ಲ ಯಾರದೋ ಸಮಯವನ್ನು ತಿನ್ನುತ್ತವೆ. ಇಬ್ಬರೇ ಇರುವ ಗ್ರಂಥಾಲಯದಲ್ಲಿ ಆ ಸಮಯ ಓದುಗರ ಲೆಕ್ಕದಿಂದಲೇ ಹೋಗುತ್ತದೆ. ದೊಡ್ಡ ವಿಶ್ವವಿದ್ಯಾಲಯವಾದರೆ, ನೂರಾರು ಡೇಟಾಬೇಸುಗಳಿದ್ದರೆ, ಹತ್ತಾರು ಜನ ಬರೆಯುವವರಿದ್ದರೆ ನಾನು ಈಗಲೂ ಲಿಬ್‌ಗೈಡ್ಸ್ ಕಡೆಯೇ. ಧಾರವಾಡದ ಮೇಡಂ ಅವರ ಪರಿಸ್ಥಿತಿಯಲ್ಲಿ ಡೇಟಾಬೇಸುಗಳು ಹೆಚ್ಚಿಲ್ಲ, ಪ್ರಾಕ್ಸಿ ಇಲ್ಲ. ಅವರಿಗೆ ಅದರ ಬಲ ಪೂರ್ತಿ ಉಪಯೋಗವಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಮೊಬೈಲಿನ ಬಗ್ಗೆಯೂ ಹೇಳಬೇಕು. ಕಂಪ್ಯೂಟರಿನಲ್ಲಿ ಮೂರು ಕಾಲಂ ಚೆನ್ನಾಗಿ ಕಾಣುತ್ತದೆ. ಫೋನಿನಲ್ಲಿ ಅವು ಒಂದರ ಕೆಳಗೊಂದು ಸೇರಿಕೊಳ್ಳುತ್ತವೆ, ಬಲಗಡೆಯ ಕಾಲಂನಲ್ಲಿಟ್ಟ ಮುಖ್ಯ ಸೂಚನೆ ತಳಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಯಾವ ವಿದ್ಯಾರ್ಥಿಯೂ ಸರಿಸುವುದಿಲ್ಲ. ಒಂದೇ ಕಾಲಂ ಇಡಿ.

ಕಲಬುರಗಿಯ ಗ್ರಂಥಪಾಲಕ

ನಾನು ಸರ್ಕಾರಿ ಸಂಸ್ಥೆಯಲ್ಲಿದ್ದೇನೆ. ಒಂದು ದೇಶ ಒಂದು ಚಂದಾ ಯೋಜನೆ 2025ರ ಜನವರಿ 1ರಂದು ಜಾರಿಗೆ ಬಂದಾಗ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ನಮ್ಮಂಥ ಸಂಸ್ಥೆಗಳಿಗೆ ತೆರೆದುಕೊಂಡವು. ಒಳ್ಳೆಯ ಸುದ್ದಿಯೇ. ಆದರೆ ನಮ್ಮ ಮಾರ್ಗದರ್ಶಿ ಪುಟಗಳೆಲ್ಲ ಒಂದೇ ದಿನದಲ್ಲಿ ಹಳಸಿದವು. ಮೊದಲ ಹಂತ ಕೇಂದ್ರ, ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ ಮಾತ್ರ. ಹಾಗಾಗಿ ಬೇರೆ ಸಂಸ್ಥೆಯ ಮಾರ್ಗದರ್ಶಿಯಿಂದ ಕೊಂಡಿಗಳನ್ನು ನಕಲಿಸಿಕೊಳ್ಳುವವರು ಹುಷಾರಾಗಿರಬೇಕು. ಅವರಿಗೆ ತೆರೆಯುವುದು ನಿಮ್ಮ ವಿದ್ಯಾರ್ಥಿಗೆ ಹಣ ಕೇಳಬಹುದು. ಪ್ರತಿ ಆಕರದ ಮುಂದೆ "ಎಲ್ಲರಿಗೂ", "ಎನ್-ಲಿಸ್ಟ್ ಲಾಗಿನ್ ಬೇಕು", "ಕ್ಯಾಂಪಸ್ಸಿನಲ್ಲಿ ಮಾತ್ರ" ಎಂದು ಬರೆದುಬಿಡಿ.

ಕೊಂಡಿ ಕೊಡುವ ರೀತಿಯೂ ಮುಖ್ಯ. ಪಿಎಚ್‌ಡಿ ಪ್ರಬಂಧಗಳ ತಾಣವಾದ ಶೋಧಗಂಗಾದ ಪ್ರಬಂಧಕ್ಕೆ ಬ್ರೌಸರಿನ ಮೇಲ್ಗಡೆ ಕಾಣುವ ವಿಳಾಸವನ್ನು ನಕಲಿಸಬೇಡಿ. ಪ್ರತಿ ಪ್ರಬಂಧದ ವಿವರದಲ್ಲೂ 10603 ಎಂದು ಶುರುವಾಗುವ ಹ್ಯಾಂಡಲ್ ಸಂಖ್ಯೆ ಇರುತ್ತದೆ, ಆ ಕೊಂಡಿಯನ್ನೇ ಕೊಡಿ. ತಾಣದ ಒಳರಚನೆ ಬದಲಾದರೂ ಅದು ದಾರಿ ತೋರಿಸುತ್ತದೆ. ಲೇಖನಗಳಿಗೆ ಡಿಒಐ (ಲೇಖನದ ಶಾಶ್ವತ ಗುರುತು ಸಂಖ್ಯೆ) ಇದ್ದರೆ ಅದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೆಯ ತಾಣ ಈಗಿಲ್ಲ, ಆದರೂ ಎಷ್ಟೋ ಕಾಲೇಜುಗಳ ಪುಟಗಳಲ್ಲಿ ಅದರ ಕೊಂಡಿ ಇನ್ನೂ ಹಾಗೇ ಇದೆ. ಅಲ್ಲಿದ್ದ ಕನ್ನಡ ಪುಸ್ತಕಗಳಲ್ಲಿ ಅನೇಕವು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ.

ಧಾರವಾಡದ ಗ್ರಂಥಪಾಲಕಿ

ಎಲ್ಲರಿಗೂ ಕೃತಜ್ಞತೆಗಳು. ಸಹಾಯಕರ ಜೊತೆ ಕೂತು ಮಾತಾಡಿದೆ. ವರ್ಡ್‌ಪ್ರೆಸ್ಸಿನಲ್ಲೇ ಶುರು ಮಾಡುತ್ತೇವೆ. ಶಾಸನಗಳದೊಂದು, ವಾಣಿಜ್ಯ ವಿಭಾಗಕ್ಕೊಂದು, ಸದ್ಯಕ್ಕೆ ಎರಡೇ ಪುಟ. ಎರಡಕ್ಕೂ ಅಧ್ಯಾಪಕರೊಬ್ಬರ ಹೆಸರು ಇರುತ್ತದೆ, ಸೆಮಿಸ್ಟರ್ ಆರಂಭದ ವಾರದಲ್ಲಿ ಅವರು ಮತ್ತು ನಾನು ಕೂತು ಕೊಂಡಿಗಳನ್ನು ನೋಡುವುದೆಂದು ಮಾತಾಗಿದೆ. "ಕೊನೆಯ ಬಾರಿ ಪರಿಶೀಲಿಸಿದ್ದು" ಎಂದು ದಿನಾಂಕವನ್ನು ಪುಟದ ಮೇಲ್ಭಾಗದಲ್ಲೇ ಹಾಕುತ್ತೇವೆ. ಓಪ್ಯಾಕನ್ನು ಹೊರಗೆ ತೆರೆಯಲು ಅರ್ಜಿ ಕೊಟ್ಟಿದ್ದೇನೆ.

ವಿಳಾಸದ ಬಗ್ಗೆ ಒಂದು ಪ್ರಶ್ನೆ. ಹೊರಗಿನ ಸಂಸ್ಥೆಯವರು ತಮ್ಮದೇ ಹೆಸರಿನಡಿ ಪುಕ್ಕಟೆ ಜಾಗ ಕೊಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಮಂಗಳೂರಿನ ಸಿಸ್ಟಂ ಲೈಬ್ರರಿಯನ್

ಬೇಡ ಮೇಡಂ. ಕಾಲೇಜಿಗೆ ಎಸಿ ಡಾಟ್ ಇನ್‌ನಂಥ ಸ್ವಂತ ವಿಳಾಸ ಸಾಮಾನ್ಯವಾಗಿ ಇರುತ್ತದೆ. ಅದರ ಅಡಿಯಲ್ಲಿ ಗ್ರಂಥಾಲಯಕ್ಕೆಂದು ಒಂದು ಉಪವಿಳಾಸ ಮಾಡಿಕೊಡಲು ಲಿಖಿತವಾಗಿ ಕೇಳಿ. ಜಾಗ ಯಾರದೇ ಇರಲಿ, ವಿಳಾಸ ಕಾಲೇಜಿನದಾಗಿರಬೇಕು. ನಾಳೆ ವರ್ಡ್‌ಪ್ರೆಸ್ ಬಿಟ್ಟು ಲಿಬ್‌ಗೈಡ್ಸ್‌ಗೆ ಹೋದರೂ, ಡೋಕುವಿಕಿಗೆ ಹೋದರೂ ಅದೇ ವಿಳಾಸವನ್ನು ಹೊಸ ಜಾಗಕ್ಕೆ ತಿರುಗಿಸಬಹುದು. ಪುಟಗಳ ಹೆಸರನ್ನೂ ಚಿಕ್ಕದಾಗಿ, ರೋಮನ್ ಅಕ್ಷರದಲ್ಲಿ ಇಡಿ. ಕನ್ನಡದಲ್ಲಿಟ್ಟರೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿಬಿಡುತ್ತದೆ, ಕೆಲವೊಮ್ಮೆ ನಡುವೆಯೇ ತುಂಡಾಗುತ್ತದೆ. ನಿರ್ವಾಹಕ ಲಾಗಿನ್ ಮತ್ತು ಪಾಸ್‌ವರ್ಡ್ ನಿಮ್ಮ ಬಳಿಯೂ ಕಚೇರಿಯ ಬಳಿಯೂ ಇರಲಿ.

ಹಂಪಿಯ ಸಂಶೋಧನಾ ವಿದ್ಯಾರ್ಥಿ

ಮೇಡಂ, ಶಾಸನ ಪುಟದ ಕರಡು ಸಿದ್ಧವಾದರೆ ಇಲ್ಲಿ ಹಾಕಿ. ಪರಿಷ್ಕೃತ ಮಾಲೆಯ ಯಾವ ಸಂಪುಟದಲ್ಲಿ ಯಾವ ತಾಲ್ಲೂಕು ಬರುತ್ತದೆ ಎಂಬ ಪಟ್ಟಿಯನ್ನು ನಮ್ಮ ಗ್ರಂಥಾಲಯದ ಪ್ರತಿಗಳೊಂದಿಗೆ ತಾಳೆ ನೋಡಿ ಕೊಡುತ್ತೇನೆ. ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನೂ ಸೇರಿಸೋಣ.